ಶ್ರೀಮಾನ್ ಕಾರ್ಡು ಅವರ ಜೀವನ ಚರಿತ್ರೆ

ರಾಜಕಾರಣಿಗಳ ಜೀವನ ಚರಿತ್ರೆ ಎಲ್ಲಾ ಕಡೆ ಒಂದೇ ಥರ ಇರುತ್ತದೆ. ಬಡತನ, ಬೀದಿ ದೀಪದ ಕೆಳಗೆ ಓದು, ಆಮೇಲೆ ಜನಸೇವೆ, ಅದಾದ ಮೇಲೆ ಬಂಗಲೆ. ಈ ಸಲ ಬೇರೆ ಥರದವರೊಬ್ಬರನ್ನು ಪರಿಚಯ ಮಾಡಿಕೊಡುತ್ತೇನೆ. ಇವರು ಉಕ್ರೇನಿನ ಸಂಸತ್ತಿನಲ್ಲಿ ವರ್ಷಗಟ್ಟಲೆ ದುಡಿದವರು. ಕೂತ ಜಾಗ ಬಿಟ್ಟು ಏಳಲಿಲ್ಲ. ಒಂದೇ ಒಂದು ಭಾಷಣ ಮಾಡಲಿಲ್ಲ. ಯಾರ ಕಾಲರ್ ಪಟ್ಟಿಗೂ ಕೈ ಹಾಕಲಿಲ್ಲ. ಆ ಸಂಸತ್ತಿನ ಮಟ್ಟಿಗೆ ಇದೇನು ಸಣ್ಣ ಸಾಧನೆಯಲ್ಲ.

ಹೆಸರು ಕಾರ್ಡು. ಜಾತಿ ಪ್ಲಾಸ್ಟಿಕ್.

ಇವರ ಕೆಲಸದ ಜಾಗ ಕೀವ್ ನಗರದ ಹ್ರುಶೆವ್ಸ್ಕಿ ಬೀದಿಯಲ್ಲಿರುವ, ಮೇಲೆ ಗಾಜಿನ ಗುಮ್ಮಟ ಹೊತ್ತ ವೆರ್ಖೋವ್ನಾ ರಾಡಾ. ಒಟ್ಟು 450 ಸೀಟು. ಮಸೂದೆ ಪಾಸಾಗಲು 226 ಮತ ಬೇಕು. ಸಂಸದರು ಬಂದು ತಮ್ಮ ಕಾರ್ಡನ್ನು ಮೇಜಿನ ಸೀಳಿಗೆ ತೂರಿಸಬೇಕು, ಗುಂಡಿ ಒತ್ತಬೇಕು, ಬೋರ್ಡಿನ ಮೇಲೆ ಲೆಕ್ಕ ಮೂಡಬೇಕು. 1996ರ ಸಂವಿಧಾನದ 84ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ: ಮತವನ್ನು ಸಂಸದರೇ ಖುದ್ದಾಗಿ ಹಾಕಬೇಕು. ಸಂವಿಧಾನ ಬರೆದವರು ಪಾಪ, 'ಖುದ್ದಾಗಿ' ಅಂದರೆ ಸಾಕು ಅಂದುಕೊಂಡರು.

ನಾವು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅಲ್ಲಿ ನಡೆದದ್ದೂ ಅದೇ. ಸಂಸದರು ಕಾರ್ಡು ಬಿಟ್ಟು ತಮ್ಮ ಕೆಲಸ ನೋಡಿಕೊಳ್ಳಲು ಹೋಗುತ್ತಿದ್ದರು. ನಮ್ಮ ಟವೆಲ್ ಸುಮ್ನೆ ಬಿದ್ದಿರುತ್ತದೆ. ಅವರ ಟವೆಲ್ ಕಾನೂನು ಮಾಡುತ್ತಿತ್ತು.

ಕಾರ್ಡಿಗೆ ಬೆರಳಿಲ್ಲ ನಿಜ. ಆದರೆ ಪಕ್ಷದ ಒಬ್ಬಿಬ್ಬರಿಗೆ ಇತ್ತು. ಮತದಾನದ ಹೊತ್ತಿಗೆ ಅವರು ಎದ್ದು, ಸಾಲಿನುದ್ದಕ್ಕೂ ಬಾಗಿ, ಕೈ ಚಾಚಿ, ಇಲ್ಲೊಂದು ಅಲ್ಲೊಂದು ಒತ್ತುತ್ತಾ ಹೋಗುತ್ತಿದ್ದರು. ಉದ್ದದ ಕಾವಲಿಯ ಮೇಲೆ ಒಟ್ಟಿಗೆ ಎಂಟು ದೋಸೆ ಹುಯ್ದು, ಮೊದಲನೆಯದು ಸೀಯುವ ಮುಂಚೆ ಕೊನೆಯದನ್ನು ಮುಟ್ಟುವ ಹೋಟೆಲ್ ಭಟ್ಟರನ್ನು ನೋಡಿದ್ದೀರಲ್ಲ, ಅದೇ ಕೈಚಳಕ. ಉಕ್ರೇನಿಗರು ಇವರಿಗೆ 'ಕ್ನೋಪ್ಕೋದಾವ್' ಅಂತ ಹೆಸರಿಟ್ಟರು, ಅಂದರೆ ಗುಂಡಿ ಒತ್ತುವವನು. ಸಂಗೀತ ಪ್ರಿಯರು 'ಪಿಯಾನಿಸ್ಟ್' ಅಂದರು. ಮೇಲಿನ ಗ್ಯಾಲರಿಯಿಂದ ಪತ್ರಕರ್ತರು ವಿಡಿಯೊ ಮಾಡಿ ಟಿವಿಯಲ್ಲಿ ಹಾಕಿದರು. ಕಛೇರಿ ನಿಲ್ಲಲಿಲ್ಲ.

ಹೆಸರಿಡುವುದರಲ್ಲಿ ಆ ಜನ ಭಾರಿ ಚುರುಕು. 2010ರಲ್ಲಿ ಯಾನುಕೋವಿಚ್ ಅಧ್ಯಕ್ಷರಾದ ಮೇಲೆ ಒಬ್ಬೊಬ್ಬರೇ ಪಕ್ಷ ಬಿಟ್ಟು ಆ ಕಡೆ ಜಿಗಿದರಲ್ಲ, ಅವರನ್ನು 'ತೂಶ್ಕಿ' ಅಂದರು. ಕೋಳಿ ಅಂಗಡಿಯಲ್ಲಿ ಪುಕ್ಕ ಕಿತ್ತು ನೇತುಹಾಕಿರುತ್ತಾರಲ್ಲ, ಅದು ತೂಶ್ಕಾ. ನಾವಾದರೆ 'ಪಕ್ಷಾಂತರಿ' ಅಂತ ಸಂಸ್ಕೃತದಲ್ಲಿ ಮರ್ಯಾದೆ ಕೊಡುತ್ತೇವೆ.

ಶ್ರೀಮಾನ್ ಕಾರ್ಡು ಅವರ ಬದುಕಿನ ದೊಡ್ಡ ದಿನ ಅಂದರೆ 2010ರ ಏಪ್ರಿಲ್ 27. ಕ್ರೈಮಿಯಾದ ಸೆವಾಸ್ತೋಪೋಲ್‌ನಲ್ಲಿದ್ದ ರಷ್ಯಾದ ನೌಕಾಪಡೆಯ ಗುತ್ತಿಗೆಯನ್ನು 2042ರವರೆಗೆ ಮುಂದುವರಿಸುವ ಒಪ್ಪಂದ ಅವತ್ತು ಮತಕ್ಕೆ ಬಂತು. ಬದಲಿಗೆ ಉಕ್ರೇನಿಗೆ ಗ್ಯಾಸ್ ಬೆಲೆಯಲ್ಲಿ ರಿಯಾಯಿತಿ. ವಿರೋಧ ಪಕ್ಷದವರು ಮೊಟ್ಟೆ ಎಸೆದರು, ಹೊಗೆ ಬಾಂಬ್ ಹಾಕಿದರು. ಸ್ಪೀಕರ್ ವೊಲೊದಿಮಿರ್ ಲಿತ್ವಿನ್ ಮೇಲೆ ಕಪ್ಪು ಕೊಡೆಗಳನ್ನು ಹಿಡಿಯಬೇಕಾಯಿತು. ಹೊರಗೆ ಮಳೆಯಲ್ಲ, ಒಳಗೆ ಮೊಟ್ಟೆ. ಕೊಡೆಯ ಕೆಳಗಿನಿಂದಲೇ ಕಲಾಪ ನಡೆಯಿತು. ಮನುಷ್ಯರು ಕೆಮ್ಮುತ್ತಾ ಕಣ್ಣುಜ್ಜಿಕೊಳ್ಳುತ್ತಿದ್ದರು. ಕಾರ್ಡಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಬೋರ್ಡಿನಲ್ಲಿ 236 ಮತ ಬಿದ್ದವು. 2042ರವರೆಗಿನ ಒಪ್ಪಂದ ಮಾಡಿಕೊಂಡ ಬಾಡಿಗೆದಾರ 2014ರಲ್ಲಿ ಇಡೀ ಮನೆಯನ್ನೇ, ಅಂದರೆ ಕ್ರೈಮಿಯಾವನ್ನೇ, ನುಂಗಿದ. ಗ್ಯಾಸಿನ ರಿಯಾಯಿತಿಯೂ ಹೋಯಿತು.

2012ರ ಡಿಸೆಂಬರ್‌ನಲ್ಲಿ ಹೊಸ ಸಂಸತ್ತು ಸೇರಿದ ಮೊದಲ ದಿನವೇ ಸ್ವೊಬೊದಾ ಎಂಬ ವಿರೋಧ ಪಕ್ಷದವರು ಸಂಸತ್ ಭವನದ ಬೇಲಿ ಕೊಯ್ದರು. ಒಳಗೆ ಹೊಡೆದಾಟ. ಪ್ರಮಾಣ ವಚನಕ್ಕೂ ಮೊದಲೇ ತೂಶ್ಕಿಯಾಗಿದ್ದಾರೆ ಅಂತ ತಬಾಲೊವ್ ಎಂಬ ಅಪ್ಪ-ಮಗನನ್ನು ಅವರ ಪಕ್ಷದವರೇ ತಡೆದರು. ಮರು ವರ್ಷ ಫೆಬ್ರವರಿಯಲ್ಲಿ ವಿರೋಧ ಪಕ್ಷಗಳು ದಿನಗಟ್ಟಲೆ ವೇದಿಕೆ ಹತ್ತಿ ಕೂತು ಕಲಾಪ ನಿಲ್ಲಿಸಿದವು. ಬೇಡಿಕೆ ಏನು ಗೊತ್ತಾ? ಸಂಸದರು ತಮ್ಮ ಮತವನ್ನು ತಾವೇ ಹಾಕಲಿ. ಸಂವಿಧಾನದಲ್ಲಿ ಇರುವುದನ್ನೇ ಕೊಡಿ ಅಂತ ಸತ್ಯಾಗ್ರಹ!

ಇಷ್ಟು ನಿಷ್ಠೆಯಿಂದ ದುಡಿದ ಕಾರ್ಡಿಗೂ ಒಂದು ದಿನ ಅವಮಾನ ಆಯಿತು. 2014ರ ಜನವರಿ 16. ಯಾನುಕೋವಿಚ್ ವಿರುದ್ಧ ಜನ ಬೀದಿಗಿಳಿದಿದ್ದ 'ಮೈದಾನ್' ಚಳವಳಿಯನ್ನು ಬಗ್ಗುಬಡಿಯುವ ಕಾನೂನುಗಳು ಬಂದವು. ಯಂತ್ರ ಬೇಡ, ಕೈ ಎತ್ತಿ ಅಂದರು. ಎತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ 235 ಅಂತ ಲೆಕ್ಕ ಬಂತು. 234 ಅಲ್ಲ, 236 ಅಲ್ಲ. ಅಷ್ಟು ಬೇಗ ಅಷ್ಟು ಕೈ ಎಣಿಸಿದ ಕಣ್ಣುಗಳನ್ನು ಮದುವೆ ಮನೆಯ ಪಂಕ್ತಿ ಎಣಿಸಲು ಕರೆಸಬೇಕಿತ್ತು. ಅದೇ ತಿಂಗಳ 28ರಂದು ಆ ಕಾನೂನುಗಳಲ್ಲಿ ಹೆಚ್ಚಿನವನ್ನು ಅದೇ ಸಭೆ ರದ್ದು ಮಾಡಿತು.

ಯಾನುಕೋವಿಚ್ ಓಡಿಹೋದರು. ಇನ್ನು ಕಾರ್ಡು ನಿವೃತ್ತಿಯಾಗುತ್ತದೆ ಅಂತ ಜನ ಅಂದುಕೊಂಡರು. ಆಗಲಿಲ್ಲ. ಹೊಸಬರು ಬಂದರು, ಪಿಯಾನೊ ಹಳೆಯದೇ ಉಳಿಯಿತು. 2019ರಲ್ಲಿ ಟಿವಿ ಧಾರಾವಾಹಿಯ ಹೆಸರನ್ನೇ ಇಟ್ಟುಕೊಂಡ ಝೆಲೆನ್ಸ್ಕಿ ಪಕ್ಷ 254 ಸೀಟು ಗೆದ್ದು ಒಂಟಿಯಾಗಿಯೇ ಬಹುಮತ ಪಡೆಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಬೇರೆಯವರ ಗುಂಡಿ ಒತ್ತುವುದು ಅಪರಾಧ ಅಂತ ಕಾನೂನೇ ಆಯಿತು. ದಂಡ ಎಷ್ಟು? ಅಲ್ಲಿ ದಂಡದ ಅಳತೆಗೋಲು 17 ಹ್ರಿವ್ನಿಯಾ (ಹ್ರಿವ್ನಿಯಾ ಅಂದರೆ ಅವರ ರೂಪಾಯಿ). ದೇಶದಲ್ಲಿ ಎಲ್ಲದರ ಬೆಲೆ ಏರಿದರೂ ಆ 17ಕ್ಕೆ ವಯಸ್ಸೇ ಆಗಿಲ್ಲ. ಅಂಥ ಮೂರು ಸಾವಿರದಿಂದ ಐದು ಸಾವಿರ ಹದಿನೇಳುಗಳು, ಅಂದರೆ 51,000ದಿಂದ 85,000 ಹ್ರಿವ್ನಿಯಾ. ಹತ್ತಿರದ ಸೀಟಿಗೆ ಕೈ ಚಾಚಿದರೂ ಅಷ್ಟೇ, ದೂರದ ಸೀಟಿಗೆ ಚಾಚಿದರೂ ಅಷ್ಟೇ.

ಕಾನೂನನ್ನು ನಂಬಿ ಕೂರಲಾಗುತ್ತದೆಯೇ? 2021ರಲ್ಲಿ ಸೆನ್ಸರ್ ಗುಂಡಿ ಚಾಲೂ ಮಾಡಿದರು. ಯಂತ್ರ ವರ್ಷಗಳ ಹಿಂದೆಯೇ ತಂದಿದ್ದರು, ಬಳಸುವ ಮುಹೂರ್ತ ಮಾತ್ರ ಕೂಡಿ ಬಂದಿರಲಿಲ್ಲ. ಈಗ ಒಂದು ಕೈ ಸೆನ್ಸರ್ ಮೇಲೆ ಒತ್ತಿ ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಮತ ಹಾಕಬೇಕು. ದೊಡ್ಡ ಮನುಷ್ಯರನ್ನು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕೈ ಕಟ್ಟಿ ಕೂರಿಸಲು ಇಡೀ ಒಂದು ಯಂತ್ರ! ಇದರಿಂದ ಇನ್ನೊಂದು ಲಾಭವೂ ಇದೆ. 2015ರ ಡಿಸೆಂಬರ್‌ನಲ್ಲಿ ಸಂಸದ ಒಲೆಹ್ ಬಾರ್ನಾ ಗುಲಾಬಿ ಗುಚ್ಛ ಕೊಟ್ಟು, ಭಾಷಣ ಮಾಡುತ್ತಿದ್ದ ಪ್ರಧಾನಿ ಯಾತ್ಸೆನ್ಯುಕ್ ಅವರನ್ನು ಹೂಗುಚ್ಛದ ಸಮೇತ ಎತ್ತಿಕೊಂಡೇ ಹೊರಟಿದ್ದರು. ಎರಡೂ ಕೈ ಗುಂಡಿಯ ಮೇಲಿದ್ದರೆ ಪ್ರಧಾನಿಯನ್ನು ಎತ್ತುವುದು ಕಷ್ಟ.

2022ರ ಫೆಬ್ರವರಿ 24ರ ಬೆಳಗ್ಗೆ ಮಾತ್ರ ಯಾರೂ ಯಾರ ಕಾರ್ಡನ್ನೂ ಮುಟ್ಟಬೇಕಾಗಲಿಲ್ಲ. ಊರ ಮೇಲೆ ಕ್ಷಿಪಣಿ ಬೀಳುತ್ತಿತ್ತು. ಅಂಥ ಹೊತ್ತಲ್ಲಿ ಬಂದು ಸೇರಿ ಸೇನಾಡಳಿತಕ್ಕೆ 300 ಮತ ಹಾಕಿದರು. ಅವತ್ತಿನ ಬಗ್ಗೆ ತಮಾಷೆ ಮಾಡಲು ನನಗೆ ಬಾಯಿ ಬರಲ್ಲ.

ಯುದ್ಧ ವರ್ಷಗಟ್ಟಲೆ ಎಳೆಯಿತು. ಅಧಿವೇಶನದ ಸಮಯವನ್ನು ಮೊದಲೇ ಹೇಳುವ ಹಾಗಿಲ್ಲ. ಚುನಾವಣೆಯೂ ಇಲ್ಲ, ಹಾಗಾಗಿ 2019ರಲ್ಲಿ ಗೆದ್ದವರೇ ಮುಂದುವರಿದರು. ಎಷ್ಟೋ ಸಲ 226 ಕೂಡಿಸುವುದೇ ದೊಡ್ಡ ತಲೆನೋವು. ಶ್ರೀಮಾನ್ ಕಾರ್ಡು ಮೊದಲಿನ ಹಾಗೇ ಸೇವೆಗೆ ಸಿದ್ಧರಿದ್ದಾರೆ. ಕೈ ಬೇಕಾಗಿದೆ ಅಷ್ಟೇ, ಒಂದಲ್ಲ, ಎರಡು.