ಗಾಡಿಯ ಬಣ್ಣವೇ ಸಾಕ್ಷಿ

ಅಮಿಶ್ ಎಂದರೆ ಆಧುನಿಕ ಸಲಕರಣೆಗಳನ್ನು ಆದಷ್ಟು ದೂರವಿಟ್ಟು ಬದುಕುವ ಅಮೆರಿಕದ ಒಂದು ಕ್ರೈಸ್ತ ಸಮುದಾಯ. ಮೊಬೈಲ್, ಸಿಸಿಟಿವಿ ಯಾವುದೂ ಇಲ್ಲದ ಈ ರೈತರ ನಡುವೆ ಪತ್ತೇದಾರಿ ಕಥೆ ಸಪ್ಪೆಯಾಗುತ್ತದೆ ಎಂದು ಅಂಥ ಕಾದಂಬರಿಗಳ ಬಗ್ಗೆ ನಾನು ಓದಿದ ಲೇಖನವೊಂದು ಗೊಣಗಿದೆ. ಸ್ವಾಮಿ, ಅವು ಇಲ್ಲದಿರುವುದರಿಂದಲೇ ಕಥೆಗೆ ರುಚಿ! ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಇವರ ಕುದುರೆಗಾಡಿಗಳು ಬೂದು ಬಣ್ಣದವು. ಅದೇ ರಾಜ್ಯದ ಬಿಗ್ ವ್ಯಾಲಿಗೆ ಹೋದರೆ ಬಿಳಿ, ಹಳದಿ, ಕಪ್ಪು ಎಂದು ಮೂರು ಪಂಗಡಕ್ಕೆ ಮೂರು ಬಣ್ಣ. ಮುಸ್ಸಂಜೆಯಲ್ಲಿ ಹಳದಿ ಗಾಡಿ ಹೋದದ್ದನ್ನು ಅಜ್ಜಿಯೊಬ್ಬಳು ಕಂಡರೆ ಅರ್ಧ ತನಿಖೆ ಮುಗಿದಂತೆ. ಗಡ್ಡವಿದ್ದವನು ಸಾಮಾನ್ಯವಾಗಿ ಮದುವೆಯಾದವನು, ಮೀಸೆ ಮಾತ್ರ ಯಾರಿಗೂ ಇಲ್ಲ. ವೇಷ ಮರೆಸಿಕೊಂಡು ಬಂದ ಪಟ್ಟಣದ ಖದೀಮ ಮೀಸೆ ಬೋಳಿಸುವುದನ್ನು ಮರೆತನೋ, ಕೆಟ್ಟ.

ನನಗೆ ಅತಿ ಪ್ರಿಯವಾದದ್ದು ಹೊಲದಂಚಿನ ಫೋನ್ ಗೂಡು. ಮನೆಯೊಳಗೆ ಫೋನ್ ಬೇಡವೆಂದು ಹಲವು ಕುಟುಂಬಗಳು ಸೇರಿ ನಿಲ್ಲಿಸಿಕೊಂಡ ಮರದ ಪುಟ್ಟ ಗುಡಿಸಲು ಅದು. ಒಳಗೆ ಕರೆ ಮಾಡಿದವರ ಸಂದೇಶವನ್ನು ಧ್ವನಿಮುದ್ರಿಸಿಕೊಳ್ಳುವ ಯಂತ್ರ. ಒಬ್ಬರಿಗೆ ಬಂದ ಗುಟ್ಟಿನ ಸಂದೇಶವನ್ನು ಮೊದಲು ಕೇಳಿಸಿಕೊಳ್ಳುವವರು ಪಕ್ಕದ ಮನೆಯವರು! ಇದಕ್ಕಿಂತ ಒಳ್ಳೆಯ ಕದ್ದಾಲಿಕೆ ಯಾವ ಗೂಢಚಾರ ಸಂಸ್ಥೆಗೆ ಸಿಕ್ಕೀತು? ಅಡುಗೆಮನೆಯಲ್ಲಿ ಕಾಕಂಬಿ ಹಾಕಿದ ಶೂಫ್ಲೈ ಪೈ ಎಂಬ ಸಿಹಿತಿನಿಸು ಬೇಯುತ್ತಿದ್ದರೆ ಸುದ್ದಿ ತಾನಾಗಿಯೇ ಒಳಗೆ ಬರುತ್ತದೆ.

ಒಂದು ತಕರಾರು ನನ್ನದೂ ಇದೆ. ಕೆಲವು ಕಾದಂಬರಿಗಳು ಇವರನ್ನು ಪೆದ್ದರೆಂಬಂತೆ ಚಿತ್ರಿಸಿ ನಗಿಸುತ್ತವೆ. ಹಾಲು ಕೆಡದಿರಲೆಂದು ಡೀಸೆಲ್ ಎಂಜಿನ್‌ನಿಂದ ಶೀತಲ ಟ್ಯಾಂಕ್ ನಡೆಸುವ ಜನ ಇವರು, ಪೆದ್ದರಂತೂ ಅಲ್ಲ. ನಗು ಬರಬೇಕಾದದ್ದು ಕ್ಯಾಮೆರಾ ತೂಗಿಕೊಂಡು ಅವರ ಕೊಟ್ಟಿಗೆಗೆ ನುಗ್ಗಿ ಸಗಣಿ ತುಳಿಯುವ ಪ್ರವಾಸಿಗನ ಮೇಲೆ.