ಎರಡು ಸಲ ಮದುವೆಯಾದ ಬ್ರಹ್ಮಚಾರಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇಂಗ್ಲೆಂಡಿನಲ್ಲೊಬ್ಬ ರಾಜಕುಮಾರ ನಿಜವಾದ ಹೆಸರು ಹೇಳಿಯೇ ಎರಡು ಸಲ ಮದುವೆಯಾದ, ಅದೂ ಒಬ್ಬಳನ್ನೇ. ಎರಡೂ ಲೆಕ್ಕಕ್ಕೆ ಬರಲಿಲ್ಲ.

ಹುಡುಗ ಅಗಸ್ಟಸ್ ಫ್ರೆಡರಿಕ್, ದೊರೆ ಮೂರನೇ ಜಾರ್ಜನ ಆರನೇ ಮಗ. (ನಮ್ಮ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿ ಸಿಂಹಾಸನದಲ್ಲಿದ್ದವನು ಇದೇ ಜಾರ್ಜ್.) ಹುಡುಗಿ ಅಗಸ್ಟಾ ಮರ್ರೆ, ಡನ್‌ಮೋರ್ ಅರ್ಲ್‌ನ ಮಗಳು. ಮನೆತನಕ್ಕೇನೂ ಕಡಿಮೆಯಿಲ್ಲ, ಹೆಸರು ನೋಡಿದರೇ ಜಾತಕ ಕೂಡುತ್ತದೆ.

ಅಡ್ಡ ಬಂದದ್ದು 1772ರ ಕಾಯ್ದೆ. ತಮ್ಮನೊಬ್ಬ ಹೇಳದೆ ಕೇಳದೆ ವಿಧವೆಯೊಬ್ಬಳನ್ನು ಕಟ್ಟಿಕೊಂಡ ಅಂತ ಸಿಟ್ಟಾಗಿ ದೊರೆ ಮಾಡಿಸಿದ್ದು. ರಾಜವಂಶದವರ ಮದುವೆಗೆ ದೊರೆಯ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅದು ಮದುವೆಯೇ ಅಲ್ಲ. 25 ದಾಟಿದವರಿಗೆ ಸಣ್ಣ ಕಿಂಡಿ ಇತ್ತು: ದೊರೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ಗೆ ನೋಟಿಸ್ ಕೊಟ್ಟು ಒಂದು ವರ್ಷ ಕಾಯಬೇಕು, ಅಷ್ಟರಲ್ಲಿ ಪಾರ್ಲಿಮೆಂಟಿನ ಎರಡೂ ಸದನ ಬೇಡ ಅನ್ನಬಾರದು. ಇದಕ್ಕಿಂತ ಸೈಟಿನ ಖಾತೆ ಮಾಡಿಸೋದೇ ಸುಲಭ, ಅಲ್ವಾ?

ನಮ್ಮ ಹುಡುಗನಿಗಿನ್ನೂ 20. 1793ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿ ಪಾದ್ರಿಯೊಬ್ಬರನ್ನು ಹಿಡಿದು, ಸಾಕ್ಷಿಯೇ ಇಲ್ಲದೆ ಮದುವೆ ಮುಗಿಸಿದರು. ಆಮೇಲೆ ಅನುಮಾನ ಶುರುವಾಯಿತು. ಸರಿ, ಲಂಡನ್‌ನಲ್ಲಿ ಇನ್ನೊಂದು ಸಲ. ಎಲ್ಲಿ? ಊರಿನ ಸಿರಿವಂತರೆಲ್ಲ ಮದುವೆಯಾಗುವ ಹ್ಯಾನೋವರ್ ಚೌಕದ ಸೇಂಟ್ ಜಾರ್ಜ್ ಚರ್ಚಿನಲ್ಲೇ! ಮೂರು ಭಾನುವಾರ ಇಬ್ಬರ ಹೆಸರನ್ನೂ ಓದಿ, ತಕರಾರಿದೆಯಾ ಎಂದು ಕೇಳಿದರು. ಒಬ್ಬರೂ ಎದ್ದು ನಿಲ್ಲಲಿಲ್ಲ. ಹೆಸರಿನ ಮುಂದೆ 'ಪ್ರಿನ್ಸ್' ಇಲ್ಲ, 'ಲೇಡಿ' ಇಲ್ಲ, ಅಷ್ಟೇ. ಬಿರುದು ಬಿಚ್ಚಿಟ್ಟರೆ ದೊರೆ ಮಗನೂ ಯಾರೋ ಫ್ರೆಡರಿಕ್. ಡಿಸೆಂಬರ್ 5ಕ್ಕೆ ಮದುವೆ. ಮದುಮಗಳು ತುಂಬು ಬಸುರಿ. ಜನವರಿಯಲ್ಲಿ ಗಂಡು ಮಗು.

1794ರಲ್ಲಿ ಚರ್ಚಿನ ಕೋರ್ಟು ಮದುವೆ ರದ್ದು ಮಾಡಿತು. 1801ರಲ್ಲಿ ಮಗಳೂ ಹುಟ್ಟಿದಳು. ಅದೇ ವರ್ಷ ಅವನು ಸಸೆಕ್ಸ್ ಡ್ಯೂಕ್ ಆದ, ಇವಳಿಂದ ದೂರವೂ ಆದ.

ಈಗ ಕಾಯ್ದೆಯ ಮಹಿಮೆ ನೋಡಿ. 1817ರಲ್ಲಿ ದೊರೆಯ ಮೊಮ್ಮಗಳು ಶಾರ್ಲೆಟ್ ತೀರಿಕೊಂಡಳು. ದೊರೆಗೆ ಹುಟ್ಟಿದ್ದು 15 ಮಕ್ಕಳು, ಆಗ ಬದುಕಿದ್ದವರು 12. ಕಾನೂನು ಒಪ್ಪುವ ಮೊಮ್ಮಗು ಒಂದೂ ಇಲ್ಲ! ಅಗಸ್ಟಾಳ ಇಬ್ಬರು ಮಕ್ಕಳು ಗುಂಡುಕಲ್ಲಿನ ಹಾಗೆ ಎದುರಿಗೇ ಇದ್ದಾರೆ, ಆದರೆ ಹುಟ್ಟಿದ್ದು ಲೆಕ್ಕಕ್ಕಿಲ್ಲ. ವಂಶ ಕಾಯಲು ಹಾಕಿದ ಬೇಲಿ ವಂಶವನ್ನೇ ಮೇಯ್ದಿತ್ತು. ನಡುವಯಸ್ಸಿನ ರಾಜಕುಮಾರರು ಹೆಣ್ಣು ಹುಡುಕಿಕೊಂಡು ಓಡಿದರು. ಆ ಓಟದಲ್ಲಿ ಸಿಕ್ಕ ಕೂಸೇ ವಿಕ್ಟೋರಿಯಾ.

ಅಗಸ್ಟಾ 1830ರಲ್ಲಿ ಸತ್ತಳು. ಮರುವರ್ಷವೇ ಡ್ಯೂಕ್ ಸೆಸಿಲಿಯಾ ಎಂಬುವಳನ್ನು ಮದುವೆಯಾದ. ಮತ್ತೆ ಒಪ್ಪಿಗೆಯಿಲ್ಲದೆ! 1840ರಲ್ಲಿ ವಿಕ್ಟೋರಿಯಾ ರಾಣಿಯ ಕೈಹಿಡಿದು ಧಾರೆ ಎರೆದುಕೊಟ್ಟ ಚಿಕ್ಕಪ್ಪ ಇವನೇ. ಅದೇ ವರ್ಷ ರಾಣಿ ಸೆಸಿಲಿಯಾಳನ್ನು ಇನ್‌ವರ್ನೆಸ್ ಡಚೆಸ್ ಮಾಡಿದಳು. ಸಸೆಕ್ಸ್ ಡಚೆಸ್ ಅನ್ನುವಂತಿಲ್ಲ, ಹೆಂಡತಿಯಲ್ಲವಲ್ಲ. ಸುಮ್ನೆ ಬಿಡುವಂತೆಯೂ ಇಲ್ಲ, ಹೆಂಡತಿಯಲ್ಲವೇ!

1843ರಲ್ಲಿ ಡ್ಯೂಕ್ ಸತ್ತ ಮೇಲೆ ಆ ಡಿಸೆಂಬರಿನ ಬಸುರಿಯ ಮಗ ಅಪ್ಪನ ಪದವಿ ಕೇಳಿದ. ರೋಮ್ ಇಂಗ್ಲೆಂಡಿನಲ್ಲಿಲ್ಲವಲ್ಲ ಸ್ವಾಮಿ, ಅಲ್ಲಿಗೆ ನಿಮ್ಮ ಕಾಯ್ದೆ ಹೇಗೆ ಬರುತ್ತದೆ ಎಂಬುದು ಅವನ ಕಡೆಯ ವಾದ. ಬರುತ್ತದೆ, ಕಾಯ್ದೆಯ ಮಾತು ಸ್ಪಷ್ಟವಾಗಿದ್ದರೆ ಅದು ಹೇಳಿದ್ದೇ ಅರ್ಥ ಎಂದಿತು 1844ರ ತೀರ್ಪು. ಸಸೆಕ್ಸ್ ಪೀರೇಜ್ ಕೇಸು ಅಂತ ಅದನ್ನು ನಮ್ಮ ಲಾ ಕಾಲೇಜಿನ ಹುಡುಗರು ಈಗಲೂ ಬಾಯಿಪಾಠ ಮಾಡುತ್ತಾರೆ. ಐವತ್ತು ವರ್ಷದ ಗಂಡಸೊಬ್ಬ ನಮ್ಮಪ್ಪ ಅಮ್ಮನಿಗೆ ಮದುವೆ ಆಗಿತ್ತು ಅಂತ ಅಂಗಲಾಚಿದ ಕೇಸು ಅದು. ಪರೀಕ್ಷೆಯಲ್ಲಿ ಅದನ್ನು ಬರೆದರೆ ಮಾರ್ಕ್ಸ್ ಸಿಗಲ್ಲ.