ಐದೇ ಪಿನ್ ತಾನೇ ಸರ್!

ಹೋದ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಕಂಪ್ಯೂಟರ್ ಆನ್ ಮಾಡಿದೆ. ಫ್ಯಾನ್ ಎರಡು ಸುತ್ತು ತಿರುಗಿ ನಿಂತಿತು. ಆಮೇಲೆ ಸುಟ್ಟ ವಾಸನೆ. ಹಾಲು ಸೀದಿದೆ ಅಂತ ಹೆಂಡತಿ ಅಡುಗೆಮನೆಗೆ ಓಡಿದಳು. ಸೀದಿದ್ದು ಮದರ್‌ಬೋರ್ಡು.

"ಪ್ರಾಸೆಸರ್ ಚೆನ್ನಾಗಿದೆ ಅಂಕಲ್, ಬೋರ್ಡ್ ಮಾತ್ರ ಹೋಗಿದೆ. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಹುಡುಕಿ" ಅಂದ ನಮ್ಮ ಬೀದಿಯ ರಿಪೇರಿ ಹುಡುಗ. "ಹೊಸದೇ ತಗೊಳ್ಳಪ್ಪಾ, ಇದು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ" ಅಂದ ಮಗ. ಚೆನ್ನಾಗಿರೋದನ್ನ ಬಿಸಾಕೋದು ಹೇಗೆ? ಪ್ರಾಸೆಸರ್ ಅಂದರೆ ಕಂಪ್ಯೂಟರಿನ ಮಿದುಳು. ನಮ್ಮದು ಇಂಟೆಲ್‌ನ ಐ5-3470, 2012ರದ್ದು. ನಾಲ್ಕು ಕೋರ್ ಇದೆ ರೀ!

ಹೆಂಡತಿ ಚಿಕ್ಕಪೇಟೆಗೆ ಹೋಗುವಾಗ ಮ್ಯಾಚಿಂಗ್ ನೋಡೋಕೆ ಸೀರೆಯನ್ನೇ ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ. ನಾನೂ ಪ್ರಾಸೆಸರನ್ನೇ ಒಯ್ಯೋಣ ಅಂದುಕೊಂಡೆ. ಬೀರುವಿನಲ್ಲಿದ್ದ ಕೆಂಪು ಓಲೆ ಡಬ್ಬಿ ಸರಿಯಾದ ಅಳತೆಗೆ ಸಿಕ್ಕಿತು. ಬುಧವಾರ ಅರ್ಧ ದಿನ ರಜೆ ಹಾಕಿ ಹೊರಟೆ.

ಮೊದಲನೇ ಅಂಗಡಿಯಲ್ಲಿ ಡಬ್ಬಿ ತೆಗೆದು ಮುಂದಿಟ್ಟೆ. ಅಂಗಡಿಯವನು ಒಂದು ಕ್ಷಣ, ಇವನೇನು ಚಿನ್ನ ಮಾರೋಕೆ ಬಂದನಾ ಅನ್ನೋ ಹಾಗೆ ನೋಡಿದ. ಆಮೇಲೆ ಪ್ರಾಸೆಸರನ್ನ ಸರಿಯಾಗಿ ನೋಡದೇ ಹೇಳಿದ, "ಆಗುತ್ತೆ ಸರ್." ಒಳಗಿಂದ ಒಂದು ಎಚ್81 ಬೋರ್ಡ್ ತಂದ. ಬೋರ್ಡಿನಲ್ಲಿ ಪ್ರಾಸೆಸರ್ ಕೂರೋ ಜಾಗಕ್ಕೆ ಸಾಕೆಟ್ ಅಂತಾರೆ, ಅದರ ನಂಬರೇ ಪಿನ್ನುಗಳ ಲೆಕ್ಕ.

"ಇದು 1150 ಸಾಕೆಟ್ ಅಲ್ವಾ? ನಮ್ಮದು 1155."

"ಐದೇ ಪಿನ್ ತಾನೇ ಸರ್. ಅಡ್ಜಸ್ಟ್ ಆಗುತ್ತೆ."

ಬಿಎಂಟಿಸಿ ಸೀಟಿನಲ್ಲಿ ಮೂರನೆಯವರು ಅಡ್ಜಸ್ಟ್ ಆಗೋದನ್ನ ನೋಡಿದ್ದೇನೆ. ಸಾಕೆಟ್ಟಿನಲ್ಲಿ ಐದು ಪಿನ್ ಅಡ್ಜಸ್ಟ್ ಆಗೋದನ್ನ ನೋಡಿರಲಿಲ್ಲ. ಬೇಡ ಅಂದೆ. ಇನ್ನೊಂದು ತಂದ. ಅದು 1156.

"ಈಗ ಒಂದೇ ಪಿನ್ ಸರ್!"

ನಾನು ಚೌಕಾಸಿ ಮಾಡಿ ಐದರಿಂದ ಒಂದಕ್ಕೆ ಇಳಿಸಿದ್ದೇನೆ ಅನ್ನೋ ಹಾಗಿತ್ತು ಅವನ ಮುಖ. ಮಾತಾಡೋದರೊಳಗೆ ಪ್ರಾಸೆಸರನ್ನ ಆ ಸಾಕೆಟ್ ಮೇಲೆ ಇಟ್ಟೇಬಿಟ್ಟ. ಅಂಚಿನ ಕಚ್ಚು ಕೂರಲಿಲ್ಲ. ತಿರುಗಿಸಿದ. ಕೂರಲಿಲ್ಲ. ಮತ್ತೆ ತಿರುಗಿಸಿ ಹೆಬ್ಬೆರಳು ಮೇಲಿಟ್ಟ. ಒತ್ತಿದ್ದರೆ ಅವನ ಬೋರ್ಡಿನ ಪಿನ್ನು ಬಾಗುತ್ತಿತ್ತು, ದುಡ್ಡು ನಾನು ಕೊಡಬೇಕಾಗುತ್ತಿತ್ತು. "ಒತ್ತಬೇಡಿ!" ಅಂತ ಕಿರುಚಿದೆ. ಪಕ್ಕದ ಅಂಗಡಿಯವರೂ ಇಣುಕಿದರು. ಅವನಿಗೆ ಸ್ವಲ್ಪವೂ ಬೇಜಾರಿಲ್ಲ. "ಆಗುತ್ತಿತ್ತು ಸರ್" ಅಂದ, ನನ್ನನ್ನೇ ಕನಿಕರದಿಂದ ನೋಡುತ್ತಾ.

ತಪ್ಪು ಪೂರ್ತಿ ಅವನದಲ್ಲ ಬಿಡಿ. ಇಂಟೆಲ್‌ನವರು 2009ರಲ್ಲಿ 1156 ತಂದರು, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151. 2017ರಲ್ಲಿ ಮತ್ತೆ 1151 ಅಂತಲೇ ಹೆಸರಿಟ್ಟು, ಹಳೇ 1151 ಬೋರ್ಡಿಗೆ ಹೊಸ ಪ್ರಾಸೆಸರ್ ನಡೆಯಲ್ಲ ಅಂದರು. ಬಸ್ ನಂಬರ್ ಅದೇ, ಹೋಗೋ ಊರು ಬೇರೆ!

ನಾಲ್ಕನೇ ಅಂಗಡಿಯಲ್ಲಿ ಒಂದು ಹಳೇ ಎಚ್61 ಬೋರ್ಡ್ ಸಿಕ್ಕಿತು. ಸಾಕೆಟ್ 1155, ಮೆಮೊರಿ ಅಂದರೆ ರ‍್ಯಾಮ್ ಡಿಡಿಆರ್3, ಎಲ್ಲಾ ಸರಿ. ಆನ್ ಮಾಡಿದರೆ ಡಿಸ್‌ಪ್ಲೇ ಇಲ್ಲ. ನಮ್ಮದು ಮೂರನೇ ಜನರೇಷನ್, ಆ ಬೋರ್ಡಿನ ಬಯೋಸ್‌ಗೆ (ಕಂಪ್ಯೂಟರನ್ನ ಎಬ್ಬಿಸೋ ಪ್ರೋಗ್ರಾಂ) ಗೊತ್ತಿರೋದು ಎರಡನೆಯದು ಮಾತ್ರ. ಬಯೋಸ್ ಅಪ್‌ಡೇಟ್ ಮಾಡೋಕೆ ಕಂಪ್ಯೂಟರ್ ಆನ್ ಆಗಬೇಕು, ಆನ್ ಆಗೋಕೆ ಬಯೋಸ್ ಅಪ್‌ಡೇಟ್ ಆಗಬೇಕು. ಮದುವೆಯಾಗದೆ ಹುಚ್ಚು ಬಿಡೊಲ್ಲ, ಹುಚ್ಚು ಬಿಡದೆ ಮದುವೆಯಾಗೊಲ್ಲ. ಪುಣ್ಯಕ್ಕೆ ಅಲ್ಲಿದ್ದ ಹುಡುಗ ಡ್ರಾಯರಿನಿಂದ ಒಂದು ಎರಡನೇ ಜನರೇಷನ್ ಪ್ರಾಸೆಸರ್ ತೆಗೆದ. ಅದನ್ನ ಕೂರಿಸಿ ಅಪ್‌ಡೇಟ್ ಮಾಡಿದ, ತೆಗೆದ, ನಮ್ಮದನ್ನ ಹಾಕಿದ. ಪರದೆ ಬೆಳಗಿತು. ಅವನು ಒಂದು ಸಲವೂ "ಆಗುತ್ತೆ" ಅನ್ನಲಿಲ್ಲ.

ಮನೆಗೆ ಬಂದು ನೋಡಿದರೆ ಇದರಲ್ಲಿ ರ‍್ಯಾಮ್‌ಗೆ ಇರೋದು ಎರಡೇ ಜಾಗ. ನನ್ನ ಹತ್ತಿರ ಎರಡೆರಡು ಜಿಬಿಯ ನಾಲ್ಕು ಇದ್ದವು. ಅರ್ಧ ದಿನ ರಜೆ ಹಾಕಿ, ಎಂಟು ಜಿಬಿಯನ್ನ ನಾಲ್ಕಕ್ಕೆ ಇಳಿಸಿಕೊಂಡು ಬಂದಿದ್ದೆ.

ಆದರೂ ರಾತ್ರಿ ಅದು ಆನ್ ಆದಾಗ ನುಡಿ ತಂತ್ರಾಂಶದಲ್ಲಿ ಅಪ್ಪ ಟೈಪ್ ಮಾಡಿದ ಕಾಗದಗಳೆಲ್ಲ ಹಾಗೇ ಇದ್ದವು. ಟೈಪ್‌ರೈಟರ್ ಅಭ್ಯಾಸ ಅವರಿಗೆ, ಒಂದೊಂದು ಕೀಯನ್ನೂ ಕುಟ್ಟುತ್ತಿದ್ದರು. ಸಂಜೆ ಆಫ್ ಮಾಡಿ, ಮಾನಿಟರ್ ಮೇಲೆ ಟವೆಲ್ ಹೊದಿಸಿ, "ಮಲಗಲಿ ಬಿಡು" ಅನ್ನುತ್ತಿದ್ದರು. ನಾನೂ ಒಂದು ಟವೆಲ್ ಹುಡುಕಿ ಹೊದಿಸಿದೆ.

ಉಳಿದ ಎರಡು ರ‍್ಯಾಮ್ ಓಲೆ ಡಬ್ಬಿಯ ಮೇಲಿಟ್ಟು ಮಲಗೋಕೆ ಹೊರಟಿದ್ದೆ. ಹೆಂಡತಿ ಬಂದು ಡಬ್ಬಿ ತೆಗೆದು ನೋಡಿದಳು.

"ರೀ, ಇದರಲ್ಲಿದ್ದ ಓಲೆ ಎಲ್ಲಿಟ್ರಿ?"

ಬುಧವಾರ ಬೆಳಿಗ್ಗೆ ಎಲ್ಲಿ ತೆಗೆದಿಟ್ಟೆನೋ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಸಿಗುತ್ತೆ" ಅಂದೆ.